ಏಳನೆಯ ಕಲಂ

ಹೆಸರು: ವಿಲ್ಫ್ರೆಡ್ ನಿಕಲ್ಸನ್. ಕಸುಬು: ಒಣಕಲ್ಲಿನ ಗೋಡೆ.
ಕಳಿಸಿದ್ದು: ಕಂಬ್ರಿಯಾದ ಬೆಟ್ಟಗೋಡೆಗಳ ಯೋಜನೆ.
ಬರಮಾಡಿಕೊಂಡದ್ದು: ಇಥಿಯೋಪಿಯಾದ ಕೊನ್ಸೊ, ಮೆಟ್ಟಿಲುಹೊಲಗಳ ಯೋಜನೆ.
ಅವಧಿ: ಇಪ್ಪತ್ತೆರಡು ದಿನ.
ಇಷ್ಟು ತುಂಬಿ ಕೂತಿದ್ದೇನೆ. ಚಹಾ ಆರಿದೆ, ಗಡುವು ಮೀರಿದೆ.
ಏಳನೆಯ ಕಲಂ ಕೇಳುತ್ತದೆ:
ಈ ವಿನಿಮಯದಿಂದ ನೀವು ಕಲಿತದ್ದೇನು?
ಇನ್ನೂರು ಪದ ಮೀರದಂತೆ ಬರೆಯಿರಿ.

ಹೋದ ಮರುದಿನವೇ ಒಂದು ಕುಸಿತ ತೋರಿಸಿದರು,
ಎರಡು ಮಾರು ಅಗಲ, ಮಳೆ ಹೊಟ್ಟೆ ಬಗೆದಿತ್ತು.
ಕಟ್ಟಿ ತೋರಿಸಿ ಅಂದರು. ತೋರಿಸದೆ?
ಬೆರಳು ಜಜ್ಜಿಕೊಂಡೇ ಬೆಳೆದ ನಾಲ್ಕು ತಲೆಮಾರು ನಮ್ಮದು.
ಒಂದರ ಮೇಲೆ ಎರಡು, ಎರಡರ ಮೇಲೆ ಒಂದು,
ಸಂದುಸಂದಿಗೂ ಚಕ್ಕೆ ಬಡಿದು
ಮಧ್ಯಾಹ್ನಕ್ಕೆ ಸೊಂಟದೆತ್ತರ ಎಬ್ಬಿಸಿದೆ.
ಇರುವೆಯೂ ಅಪ್ಪಣೆ ಕೇಳಿ ಒಳಹೋಗಬೇಕು, ಹಾಗೆ.

ಒರ್ಕಾಯ್ದೊ ಬಂದ. ನನ್ನದೇ ವಯಸ್ಸು, ನನ್ನಂಥದೇ ಮೊಣಕಾಲು,
ಕೂರುವಾಗ ಇಬ್ಬರದೂ ಒಟ್ಟಿಗೆ ಲಟಕ್ಕೆಂದವು.
ಮಾತಿಲ್ಲ, ಕತೆಯಿಲ್ಲ,
ಕಾಳಿನಲ್ಲಿ ಹರಳು ಆರಿಸುವ ಹಾಗೆ
ನನ್ನ ಚಕ್ಕೆಗಳನ್ನು ಒಂದೊಂದೇ ಕಿತ್ತು ಪಕ್ಕಕ್ಕಿಟ್ಟ.
ನನಗೆ ಮೈಯೆಲ್ಲ ಉರಿ.
ದುಭಾಷಿ ಹುಡುಗ ದಿನೋಟೆ
ನನ್ನ ಬೈಗುಳ ಅರ್ಧ ನುಂಗಿ ಅರ್ಧ ದಾಟಿಸಿದ.
ಅತ್ತಲಿಂದ ಬಂದದ್ದು ಒಂದೇ ಪ್ರಶ್ನೆ:
ನಿಮ್ಮೂರಿನ ಗೋಡೆ ಯಾರನ್ನು ತಡೆಯುತ್ತದೆ?

ಕುರಿಯನ್ನು, ಅಂದೆ.

ಅದು ಅವರ ಮಾತಿಗೆ ತಿರುಗಿದ್ದೇ ತಡ
ಕೆಳಗಿನ ಮೆಟ್ಟಿಲಿನವರು ನಕ್ಕರು, ಅದರ ಕೆಳಗಿನವರು
ಏನಂತೆ ಎಂದು ಕೇಳಿ ನಕ್ಕರು,
ನಗು ಹಾಗೇ ಇಳಿಯುತ್ತ ಇಳಿಯುತ್ತ
ತಳದ ಹಳ್ಳ ಮುಟ್ಟುವ ತನಕ
ನಾನು ಕಲ್ಲು ಹಿಡಿದು ನಿಂತೇ ಇದ್ದೆ.

ಒರ್ಕಾಯ್ದೊ ನಗಲಿಲ್ಲ. ಹೇಳಿದ:
ಕುರಿ ಗದರಿದರೆ ನಿಲ್ಲುತ್ತದೆ.
ನೀರನ್ನು ಗದರಬೇಡ.
ಹೋಗು, ಮಣ್ಣು ಮಾತ್ರ ಇಟ್ಟು ಹೋಗು, ಅಂತ
ಸಂದಿನಲ್ಲಿ ಹೇಳಿ ಕಳಿಸು.
ಸಂಜೆ ಸೋರೆಬುರುಡೆಯಲ್ಲಿ ಬೆಚ್ಚನೆ ಜೋಳದ ಬಿಯರು ಕೊಟ್ಟ.
ಕುಡಿದೆ. ಕೋಪ ಇಳಿಯಿತೆಂದು ಬರೆದರೆ ಸುಳ್ಳು.

ಫೆಬ್ರವರಿಯಲ್ಲಿ ಅವನ ಸರದಿ.
ನಮ್ಮಪ್ಪನ ಕೋಟು ಅವನಿಗೆ ಒಂದು ಗೇಣು ಉದ್ದ,
ಹಿಮ ಬೆರೆತ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.
ದಿನೋಟೆಗೆ ವೀಸಾ ಸಿಕ್ಕಿರಲಿಲ್ಲ,
ಫೋನಿನೊಳಗಿಂದ ಮಾತಾಡುತ್ತಿದ್ದ, ಸಿಗ್ನಲ್ ಇದ್ದಾಗ.
ಇಷ್ಟು ಹುಲ್ಲಿದೆ, ಜನ ಎಲ್ಲಿ? ಅಂತ ಕೇಳಿಸಿದ.
ನನಗೂ ಗೊತ್ತಿರಲಿಲ್ಲ. ಸಿಗ್ನಲ್ ಹೋಯಿತು ಎಂದು ಕೈಯಾಡಿಸಿದೆ.

ಮೇಲಿನ ಹೊಲದ ಗೋಡೆಗುಂಟ ನಡೆಯುತ್ತಿದ್ದವನು
ಒಮ್ಮೆಗೇ ಕೂತ, ಒಣಗಿದ ಜರೀಗಿಡ ಸರಿಸಿದ,
ಕೆಸರಿನಲ್ಲಿ ಮಲಗಿಯೇಬಿಟ್ಟ, ಅಪ್ಪನ ಕೋಟಿನ ಸಮೇತ.
ಗೋಡೆಯ ಬುಡದಲ್ಲಿ ಚೌಕದ ಬಾಯಿ,
ಮೇಲೊಂದು ಹಾಸುಗಲ್ಲು, ಎರಡೂ ಕಡೆ ನಿಲುವುಗಲ್ಲು,
ನೀರಿಗೆಂದೇ ಮುತ್ತಜ್ಜ ಬಿಟ್ಟ ಕಂಡಿ.
ಒಳಗೆ ಬಿಗಿಯಾಗಿ ಕೂತ ಒಂದು ಕಲ್ಲು.
ಯಾರು ತುಂಬಿದ್ದು? ಕೇಳಿತು ಫೋನು.

ಮೊಲ ನುಗ್ಗುತ್ತವೆ ಅಂತ
ಇಪ್ಪತ್ತರ ಹರೆಯದಲ್ಲಿ ಬಡಿದು ಕೂರಿಸಿದವನು ನಾನೇ.
ಆಮೇಲೆ ಅದರ ಪಕ್ಕಕ್ಕೇ ಮೂರು ಸಲ ಕುಸಿದಿದೆ.
ಮೂರೂ ಸಲ ಮಳೆಯನ್ನು ಬೈದು ಕಟ್ಟಿದ್ದೇನೆ.
ಎದೆ ಮುಟ್ಟಿ ತೋರಿಸಿದೆ.
ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಇಬ್ಬರೂ ಹಾರೆ ಹಾಕಿ ಎಳೆದೆವು.
ಕಲ್ಲು ಬಂತು, ಹಿಂದೆಯೇ ಕೊಳೆತ ಎಲೆ, ಒಂದು ಕುರಿಹಲ್ಲು,
ಒಂದಿಷ್ಟು ರಾಡಿ, ಆಮೇಲೆ
ಬಳಪದ ಗೆರೆಯಷ್ಟು ನೀರು.
ಅದು ತಿಳಿಯಾಗುವ ತನಕ ಒರ್ಕಾಯ್ದೊ ಏಳಲಿಲ್ಲ.
ಮತ್ತೆ ಮತ್ತೆ ಬೆರಳದ್ದಿ, ಉಜ್ಜಿ ನೋಡಿ,
ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಿದ್ದ.
ನನಗೆ ಹಲ್ಲು ಕಟಕಟ.

ಏಳನೆಯ ಕಲಂನಲ್ಲಿ ಬರೆದೆ: ಒಂದು ಕಲ್ಲು ತೆಗೆದೆವು.
ಇನ್ನೂ ನೂರೆಪ್ಪತ್ತೇಳೋ ನೂರತೊಂಬತ್ತೇಳೋ ಪದ ಬಾಕಿ.

ಎಂಟನೆಯದು: ಖರ್ಚು. ರಸೀದಿ ಲಗತ್ತಿಸಿ.
ಕೋಟು ಒಗೆಸಿದ ಚೀಟಿ ಜೇಬಿನಲ್ಲೇ ಇದೆ.
ನಡೆಯುತ್ತದೆಯೇ, ಆಫೀಸಿನ ಹುಡುಗಿಯನ್ನು ಕೇಳಬೇಕು.