ಜಾರದ್ದು

ಜೋಗಿಮಟ್ಟಿ, ರಾತ್ರಿ ಹನ್ನೊಂದು.
ಗಾಳಿಯಂತ್ರಗಳ ಕೆಂಪು ದೀಪ ಕಣ್ಣು ಮಿಟುಕಿಸುತ್ತಿವೆ.
ಪಾಲಯ್ಯ ದೂರದರ್ಶಕದ ಮೋಟಾರು ಆರಿಸಿದ:
"ಈಗ ಚುಕ್ಕಿಗಳೆಲ್ಲ ಜಾರ್ತವೆ. ಜಾರದ್ದನ್ನ ಹುಡುಕು."

ಸಂಜೆ ನಿಲ್ದಾಣ ಹಾದಿತ್ತು,
ಚಂದ್ರವಳ್ಳಿ ಕಡೆಯಿಂದ ಎದ್ದು ಐದೇ ನಿಮಿಷ.
ಹುಡುಗರು ಕೈಬೀಸಿದರು.
ಅದರೊಳಗಿನ ಮಾತು ಮಾತ್ರ ನಮ್ಮ ಕಡೆ ಇಳಿಯದೆ
ಮೇಲಕ್ಕೇ ಏರಿತ್ತು, ಬಲು ದೂರ,
ಯಾರೂ ಕೈಬೀಸದ ಒಂದರ ಹತ್ತಿರ.

ಕಣ್ಣಿಟ್ಟೆ.
ಅಕ್ಕಿ ಗಾಳಿಸುವಾಗ ಕಾಳು ಹರಿದುಹೋಗಿ
ಕಲ್ಲು ತಳದಲ್ಲಿ ನಿಲ್ಲುವಂತೆ
ಉಳಿದವು ಮೂರು.
ಯಾವುದಯ್ಯಾ?
"ಒಂದು ಟೀವಿದು, ಒಂದು ಮೋಡ ನೋಡೋದು.
ವಯಸ್ಸಾದದ್ದು ತೂಗಾಡ್ತೈತೆ,
ದಿನಕ್ಕೊಂದು ಎಂಟು ಬರೀತೈತೆ. ಅದೇ."

ಹತ್ತು ನಿಮಿಷ ಕಾದೆ.
ಕೆಳಗಿನದು ಸರಿದಿತ್ತು, ಕೂದಲೆಳೆಯಷ್ಟು.

ಇಪ್ಪತ್ತೆರಡು ವರ್ಷ ಇದೇ ಗುಡ್ಡದ ವೈರ್‌ಲೆಸ್ ಕೋಣೆಯಲ್ಲಿ ಕೂತು
ಹಿರಿಯೂರು ಜೀಪಿನ ಮಾತು ಹಿಡಿದು
ಮೊಳಕಾಲ್ಮೂರಿಗೆ ದಾಟಿಸಿದವನು ನಾನು.
ನನ್ನ ಕಿವಿಗೆ ಬಿದ್ದ "ಓವರ್"
ಒಂದೂ ನನಗಂದದ್ದಲ್ಲ.

ಪುಸ್ತಕದಲ್ಲಿ ಸಮಯ ಬರೆದೆ.
ಹೆಸರಿನ ಜಾಗದಲ್ಲಿ, ಕೈ ತಾನಾಗಿ,
ನನ್ನ ಹಳೇ ಕಾಲ್‌ಸೈನ್ ಗೀಚಿತು.
ಪಾಲಯ್ಯ ನೋಡುವುದರೊಳಗೆ ಹೊಡೆದುಹಾಕಿ
ಅದರ ನಂಬರು ಬರೆದೆ.