ಹಸಿರುಮಕ್ಕಿಯಲ್ಲಿ ಲಾಂಚ್ ತಪ್ಪಿದ ದಿನ

ಕಣ್ಣೆದುರೇ ಹೋಯಿತು, ಹಲಗೆ ಎತ್ತಿಕೊಂಡು,
ನನ್ನ ಹಾರನ್ನಿಗೆ ಕ್ಯಾರೇ ಅನ್ನದೆ.
ಮತ್ತೆ ಬರಲು ಮುಕ್ಕಾಲು ಗಂಟೆ.
ಬ್ಯಾಗಿನಲ್ಲಿ ಸಹಿಯಾಗದ ಹನ್ನೊಂದು ಪಾಲಿಸಿ,
ಶುಕ್ರವಾರದ ಗಡುವು.

ಕಟ್ಟೆಯ ಮೇಲೆ ಸೆರಫಿನಾ ಬಾಯಿ
ಕಾಲು ಕಟ್ಟಿದ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು
ಜಪಸರ ಎಣಿಸುತ್ತಿದ್ದಳು. ಬೆರಳು ನಿಲ್ಲಿಸದೆಯೇ
"ಕೂತ್ಕ ಮಾರಾಯ, ಹೊಳೆ ಎಲ್ಲಿಗೂ ಓಡಲ್ಲ" ಅಂದಳು.

ಕೂತೆ.

ಗೇರು ಬದಲಿಸುವ ನಡುವೆ ಎಷ್ಟು ಸಲ ಗೊಣಗಿದ್ದೇನೋ
ಪರಲೋಕದ ತಂದೆಗೆ ಆ ಪ್ರಾರ್ಥನೆ;
ಅನ್ನ ಬೇಡುವ ಸಾಲಿನಲ್ಲಿ
'ಇಂದು' ಎಂಬ ಮಾತಿರುವುದು
ಇವತ್ತೇ ಕೇಳಿಸಿತು.
ಶುಕ್ರವಾರದ ಸುದ್ದಿಯೇ ಇಲ್ಲ ಅಲ್ಲಿ.

ಮುಳುಗಡೆಯ ಒಣಮರದ ತುದಿಯಲ್ಲಿ
ನೀರುಕಾಗೆಯೊಂದು ಎರಡೂ ರೆಕ್ಕೆ ಚಾಚಿ ಒಣಗಿಸುತ್ತಿತ್ತು,
ಯಾರ ಹಾಗೆ ಕಾಣುತ್ತೇನೆಂಬ ಗೊಡವೆಯಿಲ್ಲದೆ.

ಲಾಂಚ್ ಬಂದಾಗ
ಹೇಂಟೆ ನನ್ನ ತೊಡೆಯ ಮೇಲಿತ್ತು, ನಿದ್ದೆಯಲ್ಲಿ.