ಸೊನ್ನೆ – ಸೊನ್ನೆ

ಒಂಬತ್ತು ಮ್ಯಾಚು ಸೋತ ಮೇಲೆ
ಕೌಲ್ ಬಜಾರಿನ ನಮ್ಮ ತಂಡಕ್ಕೆ ಮ್ಯಾನೇಜರ್ ಆಗಿ ಬಂದವನು
ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ತರ್ ಸವರಿಮುತ್ತು.
ಬೇರೆ ಯಾರೂ ಒಪ್ಪಿರಲಿಲ್ಲ, ಅದಕ್ಕೆ.

ಭಾಷಣವಿಲ್ಲ. ಸೀಟಿಯಿಲ್ಲ. ಮೊದಲ ದಿನ ಚೆಂಡೂ ಇಲ್ಲ.
ರಾತ್ರಿ ಒಂಬತ್ತಕ್ಕೆ ಕಾರ್ಖಾನೆಗೆ ಕರೆದ,
ಇನ್ನೂ ಕತ್ತರಿ ಮುಟ್ಟದ ನೀಲಿ ಥಾನು ಹಾಸಿದ
ಉದ್ದ ಮೇಜಿನ ಸುತ್ತ ನಿಲ್ಲಿಸಿ
ಒಬ್ಬೊಬ್ಬನ ಕೈಗೂ ಸೀಮೆಸುಣ್ಣದ ಚೂರು ಕೊಟ್ಟು ಕೇಳಿದ:
‘ಹೊಸಪೇಟೆಯವರು ಏಳನೇ ಗೋಲು ಹಾಕಿದಾಗ
ನೀ ಎಲ್ಲಿ ನಿಂತಿದ್ದಿ? ಗುರುತು ಮಾಡು.
ಅವಂದಲ್ಲ. ನಿಂದು.’

ಅಲ್ಲಿಯತನಕ ನಾವೆಲ್ಲ
ಇನ್ನೊಬ್ಬನ ಜಾಗ ಬಾಯಿಪಾಠ ಬಲ್ಲವರು.
ಗಾದಿಲಿಂಗ ಗೋಲಿನಲ್ಲಿ ನಿದ್ದೆ ಮಾಡ್ತಾನೆ,
ಎರ್ರಿಸ್ವಾಮಿಗೆ ಎಡಗಾಲೇ ಇಲ್ಲ,
ಜಡೆಪ್ಪ ಓಡೋದು ಮದುವೆ ಮೆರವಣಿಗೆಯಂಗೆ —
ಟೆಂಪೋದಲ್ಲಿ ವಾಪಸು ಬರುವ ದಾರಿಯುದ್ದಕ್ಕೂ
ಇದೇ ನಮ್ಮ ಭಜನೆ. ಎತ್ತಿಕೊಡುವವನು ನಾನು.
ಕ್ಯಾಪ್ಟನ್ ಅಲ್ಲವೆ.

ಹನ್ನೊಂದು ಬಿಳಿ ಚುಕ್ಕೆ ಬಿದ್ದವು.
ಮಾಸ್ತರ್ ಕನ್ನಡಕ ಹಣೆಗೇರಿಸಿ, ಬಾಗಿ,
ನನ್ನ ಚುಕ್ಕೆಗೂ ಎರ್ರಿಸ್ವಾಮಿಯ ಚುಕ್ಕೆಗೂ ನಡುವೆ
ಗೇಣು ಹಾಕಿದ. ಇನ್ನೊಂದು ಗೇಣು. ಮತ್ತೂ ಒಂದು.
‘ಇಲ್ಲಿ ಅದಿರಿನ ಲಾರಿ ಹೋಗತೈತಲ್ಲೋ’ ಅಂದ.
ಬೈಗುಳವಲ್ಲ ಅದು, ಬಟ್ಟೆಯ ಹರುಕು ತೋರಿಸುವ ದನಿ.
‘ನೀ ಗೋಲು ಹೊಡೀಲಿಕ್ಕೆ ಮುಂದಕ್ಕ ಓಡಿದ್ದಿ. ಭಾಳ ಚೆಂದ ಓಡ್ತಿ.
ಇನ್ನ ಮೂರು ಮ್ಯಾಚು ಕುಂದ್ರು.’

ಕೂತೆ.
ನೀರಿನ ಕ್ಯಾನು, ನಿಂಬೆಹಣ್ಣಿನ ಚೀಲ, ಆರು ವರ್ಷದ ಕ್ಯಾಪ್ಟನ್‌ಗಿರಿ,
ಮೂರನ್ನೂ ಪಕ್ಕಕ್ಕಿಟ್ಟುಕೊಂಡು ಬೇವಿನ ಕಟ್ಟೆಯ ಮೇಲೆ ಕೂತೆ.
ಆಚೆ ಕುಂಬಾರಗುಡ್ಡ ಮೂಗು ಮೇಲೆ ಮಾಡಿ ಮಲಗಿದ್ದು
ನನ್ನ ಕಡೆ ತಿರುಗದೆಯೇ ನಗುತ್ತಿತ್ತು.

ಕೂತವನಿಗೆ ಕಾಣುತ್ತವೆ ಕೆಲವು.
ಜಡೆಪ್ಪನ ಕೈ ಮೊಣಕೈತನಕ ನೀಲಿ:
ವಾಷಿಂಗ್ ಯೂನಿಟ್ಟಿನ ರಾತ್ರಿ ಪಾಳಿ ಮುಗಿಸಿ
ನೇರ ಮೈದಾನಕ್ಕೆ ಬರುತ್ತಿದ್ದ.
ಅವನು ಹೇಳಿರಲಿಲ್ಲ; ನಾನು ಕೇಳಿರಲಿಲ್ಲ.
ಮಾಸ್ತರ್ ಮಾಲೀಕನ ಹತ್ತಿರ ಏನು ಮಾತಾಡಿದನೋ
ಶನಿವಾರದ ಪಾಳಿ ತಪ್ಪಿತು.
ಗಾದಿಲಿಂಗನದು ನಿದ್ದೆಯಲ್ಲ, ಹೆದರಿಕೆ.
ಚೆಂಡು ಬಂದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.
ಅವನನ್ನು ತೆಗೆಯಲಿಲ್ಲ ಮಾಸ್ತರ್. ಜೀನ್ಸಿನ ಚಿಂದಿ ತುಂಬಿ
ಮೆತ್ತನೆಯ ಚೆಂಡೊಂದು ಹೊಲಿದು ತಂದು
ಎರಡು ವಾರ, ದಿನಾ ಸಂಜೆ, ಕೈಯಿಂದ ಎಸೆದ,
ಮಗುವಿಗೆ ತುತ್ತು ಕೊಟ್ಟಂಗೆ, ಮುಖಕ್ಕೇ.
ಹದಿನೈದನೇ ಸಂಜೆ ಕಣ್ಣು ತೆರೆದೇ ಇತ್ತು.

ಆಗಲೂ ಸೋತೆವು. ನಾಲ್ಕರಿಂದ, ಎರಡರಿಂದ, ಮತ್ತೆ ಎರಡರಿಂದ.
ಕಟ್ಟೆಯ ಹಿರಿಯರು ‘ದರ್ಜಿ ಕೈಗೆ ಕೊಟ್ರೆ ಇಷ್ಟೇ’ ಅಂದರು.
ಮಾಸ್ತರ್ ಎಲ್ಲ ಬರೆದಿಟ್ಟುಕೊಂಡ, ಉಳಿಕೆ ಬಟ್ಟೆಯ ಲೆಕ್ಕದಂತೆ.
‘ಮೊದಲು ಸೊನ್ನೆ ಹೊಲಿಯೋಣ’ ಅಂದ. ‘ಒಂದು ಆಮೇಲೆ.’

ಗುಂತಕಲ್ಲಿನ ರೈಲ್ವೆ ಹುಡುಗರ ಮೇಲೆ ಆಟ.
ಕೊನೆಯ ಹದಿನೈದು ನಿಮಿಷಕ್ಕೆ ನನ್ನತ್ತ ಕೈ ಮಾಡಿದ.
ಹೋಗಿ ನಿಂತೆ, ಆ ಮೂರು ಗೇಣಿನ ಜಾಗದಲ್ಲಿ.
ಕಾಲು ತುರಿಸುತ್ತಿತ್ತು. ಆಣೆಗೂ, ಓಡಲಿಲ್ಲ.
ಕೆಂಧೂಳು ಸೀಳಿ ಬಂದ ಚೆಂಡನ್ನು
ಇದ್ದಬದ್ದ ಶಕ್ತಿಯಿಂದ ರಸ್ತೆಗಟ್ಟಿದೆ;
ಲಾರಿಯ ಗಾಲಿಗೆ ಸಿಕ್ಕು ಢಬ್ ಎಂದಿತು.
ಸೀಟಿ.

ಗೆದ್ದವರಂತೆ ಕುಣಿದೆವು. ಗುಂತಕಲ್ಲಿನವರು ಕಕ್ಕಾಬಿಕ್ಕಿ.
ಒಗ್ಗರಣೆ ಮಂಡಕ್ಕಿ, ಮಿರ್ಚಿ, ಎರಡು ಸುತ್ತು ಚಹ.
ಒಡೆದ ಚೆಂಡಿನ ದುಡ್ಡು ಮಾಸ್ತರ್ ನನ್ನಿಂದಲೇ ಇಸಕೊಂಡ.

ಮುಂದಿನ ಭಾನುವಾರ ಸಂಡೂರಿನಲ್ಲಿ ಒಂದು ಗೋಲಿನಿಂದ ಸೋತೆವು.
ವಾಪಸು ಬರುವಾಗ ಟೆಂಪೋದಲ್ಲಿ ಕತ್ತಲು.
ಎರ್ರಿಸ್ವಾಮಿಯ ಹೆಗಲ ಮೇಲೆ ಜಡೆಪ್ಪನ ಗೊರಕೆ.
ಯಾರಿಂದ ಸೋತೆವು ಅನ್ನೋ ಮಾತು
ತೋರಣಗಲ್ಲು ದಾಟಿದರೂ ಯಾರೂ ಎತ್ತಲಿಲ್ಲ.